ಸ್ಕೇಲಿನ ಲಾನಿನಲ್ಲಿ ಕೊನ್ನಾರಿ

ಜೂನ್ 3, ಮಂಗಳವಾರ

ಪ್ರೆಸ್ಸಿನಲ್ಲಿ ಇವತ್ತು ಸೋಪಿನ ಪುಡಿಯ ಕರಪತ್ರ. ಯಜಮಾನರಿಗೆ ಎರಡು ಸಾಲು ಬೇಕು, ಪ್ರಾಸ ಬೇಕು, ಊಟಕ್ಕೆ ಮೊದಲೇ ಬೇಕು. ಬರೆದುಕೊಟ್ಟೆ — 'ಒಂದು ಹಿಡಿ ಪುಡಿ, ಬಟ್ಟೆ ಗರಿಗರಿ. ಕೊಳೆ ಕೈಮುಗಿಯಿತು, ನಾನಿನ್ನು ಬರ್ತೀನ್ರೀ.'

"ಕೊಳೆ ಎಲ್ಲಾದ್ರೂ ಮಾತಾಡುತ್ತೇನಮ್ಮಾ?" ಎಂದರು.

ಅವರ ಶರ್ಟಿನ ಕಾಲರ್ ನೋಡಿದೆ. ಭಾಷಣವನ್ನೇ ಮಾಡುತ್ತಿತ್ತು. ಮುಂದಿನ ಹಾಳೆ ಎಳೆದುಕೊಂಡೆ. ಕನ್ನಡ ಮೀಡಿಯಂ ಬಿ.ಎ., ವಯಸ್ಸು ನಲವತ್ತಾರು — ಈ ಕೆಲಸ ಬಿಟ್ಟರೆ ನನ್ನ ಪ್ರಾಸವನ್ನು ಕೊಳೆಯೂ ಕೇಳುವುದಿಲ್ಲ.

ಮನೆಗೆ ಬಂದಾಗ ಹಿತ್ತಲ ಕಟ್ಟೆಯ ಮೇಲೆ ಟೈಲರ್ ಸೊಸೆ. ಎರಡು ದಿನದಿಂದ ಭೇದಿ ನಿಂತಿಲ್ಲ, ಮುಖ ಬಾಡಿದ ಸೊಪ್ಪು. ಅಮ್ಮ ಹಾಲಿನಲ್ಲಿ ಕೊನ್ನಾರಿ ಗಡ್ಡೆ ಕುದಿಸಿ ತಂದಳು. ಪಾತ್ರೆಯ ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಮೊದಲು ತಾನು ಗಟಗಟ ಕುಡಿದಳು. ಆಮೇಲೆ ಲೋಟ ಅವಳ ಕೈಗೆ.

"ನಿಮಗೇನಾಗಿದೆ ಅಜ್ಜೀ, ನೀವ್ಯಾಕೆ ಕುಡೀತೀರಾ?"

"ನನ್ನ ಗಂಟಲು ಒಪ್ಪದೇ ಇರೋದನ್ನ ನಿನ್ನ ಹೊಟ್ಟೆಗೆ ಯಾವ ಧೈರ್ಯದ ಮೇಲೆ ಇಳಿಸಲಿ? ಕುಡಿ, ಮುಖ ಸೊಟ್ಟ ಮಾಡಬೇಡ, ನಿನ್ನ ಅತ್ತೆ ಥರ ಕಾಣ್ತೀಯ."

ಹುಡುಗಿ ನಕ್ಕು ಕುಡಿದಳು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಸ್ಕೇಲಿನ ತಲೆ ಎದ್ದಿತು. "ಏನಮ್ಮಾ, ದನಕ್ಕೆ ಹಾಕೋ ಹುಲ್ಲನ್ನ ಜನಕ್ಕೆ ಕುಡಿಸ್ತಿದ್ದೀರಾ?"

"ದನ ಇದನ್ನ ಮೂಸಲ್ಲ ಸಾಹೇಬ್ರೇ. ಅದಕ್ಕೇ ಜನಕ್ಕೆ ಕೊಡ್ತಿದೀನಿ," ಎಂದಳು ಅಮ್ಮ.

ಇಡೀ ದಿನದಲ್ಲಿ ನಾನು ನಕ್ಕಿದ್ದು ಇದೊಂದಕ್ಕೆ.

ಜೂನ್ 8, ಭಾನುವಾರ

ಸ್ಕೇಲು ಎಂದರೆ ಪಕ್ಕದ ಮನೆಯವನು. ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ರಿಟೈರಾದವನು. ಬೀದಿಯವರೆಲ್ಲ 'ಸಾಹೇಬರು' ಅನ್ನುತ್ತಾರೆ. ನನಗೆ ಸ್ಕೇಲು. ಲಾನ್ ಕತ್ತರಿಸಿದ ಮೇಲೆ ಮಂಡಿಯೂರಿ ಕೂತು ಮರದ ಸ್ಕೇಲಿನಿಂದ ಹುಲ್ಲಿನ ಎತ್ತರ ಅಳೆಯುತ್ತಾನೆ. ನಾಲ್ಕೂ ಮೂಲೆಯಲ್ಲಿ, ಮತ್ತೆ ನಡುವಿನಲ್ಲಿ. ಅಳತೆ ತಪ್ಪಿದ ಹುಲ್ಲಿಗೆ ನೋಟೀಸು ಕೊಡುವುದೊಂದು ಬಾಕಿ.

ಅವನ ಲಾನಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಈಚೆ ಬಚ್ಚಲ ನೀರು ಹರಿಯುವ ಕಡೆ ಅಮ್ಮನ ಕೊನ್ನಾರಿ. ಪುಸ್ತಕದವರು ಭದ್ರಮುಷ್ಟಿ ಅನ್ನುತ್ತಾರೆ. ಮಿಕ್ಕವರೆಲ್ಲ ಕಳೆ ಅನ್ನುತ್ತಾರೆ. ನೋಡಲು ಹುಲ್ಲೇ, ಆದರೆ ಬೆರಳಲ್ಲಿ ಕಾಂಡ ಹೊರಳಿಸಿದರೆ ಮೂರು ಅಂಚು ಸಿಗುತ್ತದೆ, ಹುಲ್ಲಲ್ಲ ಅಂತ ಗೊತ್ತಾಗುತ್ತದೆ. ಕೆಳಗೆ ಕಪ್ಪು ಗಡ್ಡೆ, ಗಡ್ಡೆಯಿಂದ ದಾರದಂಥ ಬೇರು, ಬೇರಿನ ತುದಿಗೆ ಇನ್ನೊಂದು ಗಡ್ಡೆ… ನೆಲದೊಳಗೆ ಸರ ಪೋಣಿಸಿದ ಹಾಗೆ. ಒಡೆದರೆ ಘಮ್ ಅನ್ನುತ್ತದೆ.

ಹೊಟ್ಟೆ ಕೆಟ್ಟರೆ ಹಾಲಿನಲ್ಲಿ. ಜ್ವರಕ್ಕೆ ಒಣಶುಂಠಿಯ ಜೊತೆ ಕಷಾಯ. ಬಾಣಂತಿಗೆ ಹಾಲು ಕಡಿಮೆಯಾದರೆ ಅರೆದು ಎದೆಗೆ ಲೇಪ. ತುರಿಕೆಗೂ ಲೇಪ, ಮಕ್ಕಳ ಹುಳಕ್ಕೆ ಜೇನಿನಲ್ಲಿ ಪುಡಿ. ನನ್ನ ಮುಟ್ಟಿನ ನೋವಿಗೆ, ಅಪ್ಪನ ಅಜೀರ್ಣಕ್ಕೆ, ಬೀರುವಿನ ರೇಷ್ಮೆ ಸೀರೆಗಳ ವಾಸನೆಗೆ — ಎಲ್ಲಕ್ಕೂ ಒಂದೇ ಗಡ್ಡೆ. ಚಿಕ್ಕವಳಿದ್ದಾಗ ಪರೀಕ್ಷೆಯ ಭಯಕ್ಕೂ ಕೊಡುತ್ತಾಳೇನೋ ಅಂದುಕೊಂಡಿದ್ದೆ.

ಜೂನ್ 20, ಶುಕ್ರವಾರ, ಸಂಜೆ

ಪೆನ್ನಿನ ಮೊನೆಗೆ ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ಪ್ರೆಸ್ಸಿನಿಂದ ಬಂದೆ. ಹಿತ್ತಲಲ್ಲಿ ಔಷಧಿಯ ವಾಸನೆ. ನೆಲ ಒದ್ದೆ. ಮಧ್ಯಾಹ್ನ ಅಮ್ಮ ಮಲಗಿದ್ದಾಗ ನಗರಸಭೆಯ ಇಬ್ಬರು ಬೆನ್ನಿಗೆ ಪಂಪು ಕಟ್ಟಿಕೊಂಡು ಹಿಂದಿನ ಗೇಟಿನಿಂದ ಬಂದು ಕೊನ್ನಾರಿಗೆಲ್ಲ ಕಳೆನಾಶಕ ಹೊಡೆದು ಹೋಗಿದ್ದಾರೆ. 'ಹಾವು ಸೇರುತ್ತೆ ಅಂತ ಪಕ್ಕದ ಮನೆಯವರ ಕಂಪ್ಲೇಂಟು.' ಅಮ್ಮ ಎದ್ದು ಬಂದು ನೋಡುವ ಹೊತ್ತಿಗೆ ಕೆಲಸ ಮುಗಿದಿತ್ತಂತೆ.

ಗೋಡೆಯ ಹತ್ತಿರ ಹೋದೆ. ಸ್ಕೇಲು ಪೈಪು ಹಿಡಿದು ಲಾನಿಗೆ ನೀರು ಹಾಕುತ್ತಿದ್ದ.

"ಒಂದು ಮಾತು ಹೇಳಬಾರದಿತ್ತಾ?"

"ಮೂರು ಸಲ ಹೇಳಿದೀನಮ್ಮ. ನಿಮ್ಮ ಕಳೆ ಗೋಡೆ ಕೆಳಗಿಂದ ನುಗ್ಗಿ ನನ್ನ ಲಾನಿಗೆ ಬಂದರೆ? ಮತ್ತೆ ಆ ಹುಲ್ಲು ಕುಡಿದು ಯಾರಾದರೂ ಸತ್ತರೆ ಪೊಲೀಸು ನಮ್ಮ ಬೀದಿಗೇ ಬರೋದು. ಆರೋಗ್ಯ ಇಲಾಖೆಗೂ ಒಂದು ಅರ್ಜಿ ಕೊಟ್ಟಿದ್ದೀನಿ, ನಿಮ್ಮ ಒಳ್ಳೇದಕ್ಕೇ."

ನಮ್ಮ ಒಳ್ಳೇದಕ್ಕೆ. ಪೈಪು ಮಾತ್ರ ಲಾನಿನ ಮೇಲಿಂದ ಒಂದು ಕ್ಷಣವೂ ಸರಿಯಲಿಲ್ಲ.

ಜೂನ್ 28

ಹಳದಿ. ಪೂರ್ತಿ ಹಳದಿ. ಅಮ್ಮ ಒಂದು ಗಡ್ಡೆ ಅಗೆದು, ಒಡೆದು, ಮೂಸಿ ಎಸೆದಳು. "ವಿಷ ಒಳಗಿಳಿದಿದೆ ಕಣೇ. ಇನ್ನು ಇದನ್ನ ಮುಟ್ಟೋ ಹಾಗಿಲ್ಲ." ಮಣ್ಣು ಸಹಿತ ಎತ್ತಿ ಹಾಕಿಸಿದೆವು. ಹಿತ್ತಲು ಈಗ ಹಲ್ಲು ಕಿತ್ತ ವಸಡು.

ಜುಲೈ 6, ಭಾನುವಾರ

ಆರೋಗ್ಯ ಇಲಾಖೆಯವನು ಬಂದು ಹೋಗಿ ವಾರವಾಯಿತು. ಸಣ್ಣ ವಯಸ್ಸು, ದೊಡ್ಡ ಬ್ಯಾಗು. "ಅಜ್ಜೀ, ಲೈಸೆನ್ಸ್ ಇದೆಯಾ?" ಅಂದ. ಅಮ್ಮ "ಅಡಿಗೆಗಾ?" ಅಂದಳು. ಅವನಿಗೆ ನಗು ಬರಲಿಲ್ಲ. ಇನ್ನು ಯಾರಿಗೂ ಏನೂ ಕೊಡಬಾರದು ಅಂತ ಬೀದಿಗೆಲ್ಲ ಕೇಳುವ ಹಾಗೆ ಗೇಟಿನಲ್ಲಿ ನಿಂತು ಹೇಳಿ ಹೋದ.

ಯಾರೂ ಬರುತ್ತಿಲ್ಲ. ಟೈಲರ್ ಸೊಸೆ ಎದುರಿಗೆ ಸಿಕ್ಕರೆ ಸೆರಗು ಸರಿಮಾಡಿಕೊಂಡು ಆಚೆ ಬದಿಗೆ ದಾಟುತ್ತಾಳೆ. ಅಮ್ಮ ಒರಳು ತೊಳೆದು ಬೋರಲು ಹಾಕಿದ್ದಾಳೆ. ಟಿವಿ ನೋಡುತ್ತಾಳೆ. ಟಿವಿ ಆಫ್ ಆಗಿದ್ದಾಗಲೂ ನೋಡುತ್ತಾಳೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ಐದು 'ಸಾಕು'.

ಬಾಯಿಗೆ ಬಾಯಿ ಕೊಡುತ್ತಿದ್ದವಳು ಇವಳೇನಾ?

ಸ್ಕೇಲೇ, ನಿನ್ನನ್ನು ನಾನು ಬಿಡುವುದಿಲ್ಲ. ಹೇಗೆ ಅಂತ ಗೊತ್ತಿಲ್ಲ. ಗೊತ್ತಾದ ದಿನ ಇಲ್ಲಿ ಬರೆಯುತ್ತೇನೆ.

ಜುಲೈ 12, ಶನಿವಾರ

ಗೊತ್ತಾಯಿತು.

ಅವನ ಹೆಂಡತಿ ಬಂದಿದ್ದರು. ಡ್ರಾಯಿಂಗ್ ಟೀಚರ್ ಆಗಿದ್ದವರು, ಈಗಲೂ ಬೀದಿಗೆಲ್ಲ ಟೀಚರ್. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಗಂಡನ ಜೊತೆ ಮೂವತ್ತು ವರ್ಷ ಇದ್ದವರಿಗೆ ಬೇರೆಯವರು ಕೊಡಬೇಕಾದ ಶಿಕ್ಷೆ ಏನೂ ಉಳಿದಿರುವುದಿಲ್ಲ.

"ಮಗಳ ಮನೆಗೆ ಹೊರಟಿದ್ದೀವಿ, ಎರಡು ವಾರ. ಕೇಳೋದಕ್ಕೆ ನಾಚಿಕೆ ಆಗುತ್ತೆ… ಗೇಟಿನ ಕೀ ಇಟ್ಟುಕೊಂಡು ಲಾನಿಗೆ ಒಂಚೂರು ನೀರು ಹಾಕ್ತೀಯಾ? ಅವರು ಬೇರೆ ಯಾರನ್ನೂ ನಂಬೋಲ್ಲ."

"ನನ್ನನ್ನ ನಂಬ್ತಾರಾ?"

"ನೀನು ಓದಿದವಳು ಅಂತ."

ಓದಿದ್ದಕ್ಕೆ ಕೊನೆಗೂ ಒಂದು ಪ್ರಯೋಜನವಾಯಿತು. ಕೀ ತೆಗೆದುಕೊಂಡೆ. ಮೊಲದಂಥ ಮುಖ ಮಾಡಿಕೊಂಡು "ಪಾಪ, ಹುಲ್ಲು ಒಣಗಬಾರದು ಅಲ್ವಾ" ಎಂದೆ.

ಪ್ರೆಸ್ಸಿನ ಹಿಂದೆ ಸೋರುವ ನಲ್ಲಿ ಇದೆ. ನಲ್ಲಿಯ ಕೆಳಗೆ ಕೊನ್ನಾರಿ. ಮೊಣಕಾಲೆತ್ತರ.

ಜುಲೈ 15, ಮಂಗಳವಾರ

ಊಟದ ಡಬ್ಬಿ ಖಾಲಿ ಮಾಡಿ ಗಡ್ಡೆ ತುಂಬಿಕೊಂಡೆ. ಯಜಮಾನರು ನೋಡಿ, "ಏನಮ್ಮಾ ಅದು?"

"ಔಷಧಿ ಸರ್."

"ಯಾವ ಕಾಯಿಲೆಗೆ?"

"ದೊಡ್ಡಸ್ತಿಕೆಗೆ."

"ಕೆಲಸ ಮಾಡುತ್ತಾ?"

"ನಿಧಾನ ಸರ್. ಆದರೆ ಬೇರು ಸಮೇತ."

ಸಂಜೆ ಐದೂವರೆಗೆ ಹಾಡುಹಗಲಲ್ಲೇ ಗೇಟು ತೆಗೆದು ಒಳಗೆ ಹೋದೆ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಹಳೆಯ ಸ್ಕ್ರೂಡ್ರೈವರ್. ತೂತು, ಗಡ್ಡೆ, ಹೆಬ್ಬೆರಳು. ತೂತು, ಗಡ್ಡೆ, ಹೆಬ್ಬೆರಳು. ಎದುರುಮನೆಯವರು ಹೋಗುತ್ತ, "ಕಳೆ ಕೀಳ್ತಿದ್ದೀಯಾ? ಪಾಪ, ಎಷ್ಟು ಒಳ್ಳೇ ಮನಸ್ಸು!" ಅಂದರು. "ಅಕ್ಕಪಕ್ಕದವರು ಅಂದಮೇಲೆ…" ಅಂದೆ. ನಾಲ್ಕು ಮೂಲೆಗೂ ಹಾಕಿದೆ, ನಲ್ಲಿಯ ಮೂಲೆಗೆ ಇನ್ನಷ್ಟು ಕೈಬಿಚ್ಚಿ ಹಾಕಿದೆ. ನಡುವಿಗೂ. ಅವನು ಸ್ಕೇಲು ಇಡುವ ಜಾಗಕ್ಕೆ ವಿಶೇಷ.

ಕಸವೆಂದು ಕೊಂದವನ ಅಂಗಳಕೆ ಹೋಗು,
ಹಸಿರಾಗಿ, ಉಸಿರಾಗಿ, ಉಪದ್ರವವಾಗು.

ಪ್ರಾಸ ತಾನಾಗಿ ಬಂತು. ಸೋಪಿನ ಪುಡಿಗೆ ಯಾಕೆ ಹೀಗೆ ಬರುವುದಿಲ್ಲ?

ಜುಲೈ 26

ಬಂದರು. ಕೀ ಕೊಟ್ಟೆ. ಸ್ಕೇಲು ಸ್ಕೇಲು ತಂದು ಅಳೆದ. "ಪರವಾಗಿಲ್ಲ, ಚೆನ್ನಾಗಿ ನೋಡಿಕೊಂಡಿದ್ದೀಯ." ಒಂದು ಸಿಹಿಯ ಪೊಟ್ಟಣ ಕೊಟ್ಟರು. ತಿಂದೆ. ಬಹಳ ಚೆನ್ನಾಗಿತ್ತು.

ಆಗಸ್ಟ್ 2, ಶನಿವಾರ

ಎದ್ದಿದೆ! ಮಹಡಿಯಿಂದಲೇ ಕಾಣುತ್ತದೆ. ಲಾನಿನ ಹುಲ್ಲಿಗಿಂತ ತಿಳಿ ಹಸಿರು, ಒಂದು ಗೇಣು ಎತ್ತರ. ಬೋಳುತಲೆಯಲ್ಲಿ ಹಠ ಹಿಡಿದು ನಿಂತ ಕೂದಲಿನ ಹಾಗೆ. ಅವನು ಬಗ್ಗಿ ಒಂದನ್ನು ಕಿತ್ತ. ಎಲೆ ಕೈಗೆ ಬಂತು, ಗಡ್ಡೆ ಒಳಗೇ ಉಳಿಯಿತು. ಕೀಳು ಮಹಾರಾಯ. ಕೈಯಾರೆ ಕೀಳು. ಮೇಲಿನದು ಕಿತ್ತಷ್ಟೂ ಕೆಳಗಿನದಕ್ಕೆ ಎಚ್ಚರವಾಗುತ್ತದೆ.

ಆಗಸ್ಟ್ 10, ಭಾನುವಾರ

ಇಡೀ ಬೆಳಿಗ್ಗೆ ಮಹಡಿಯಲ್ಲಿ ಬಟ್ಟೆ ಒಣಗಿಸಿದೆ. ಒಂದೇ ಟವೆಲು, ಆರು ಸಲ.

ಸ್ಕೇಲು ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದಾನೆ. ಮೂಗಿನ ತುದಿಯಲ್ಲಿ ಬೆವರು. ಟೀಚರ್ ಬಾಗಿಲಲ್ಲಿ ನಿಂತು, "ಇರಲಿ ಬಿಡ್ರೀ, ಅದೂ ಹಸಿರೇ ಅಲ್ವಾ?"

"ಹಸಿರು ಅಂತ ಹಾವನ್ನ ಮನೇಲಿಟ್ಕೋತೀಯಾ?"

"ಮನೇಲಿ ಇನ್ನೂ ಏನೇನೋ ಇಟ್ಕೊಂಡಿದ್ದೀನಿ," ಅಂತ ಒಳಗೆ ಹೋದರು.

ಟವೆಲು ಬಾಯಿಗೆ ಒತ್ತಿಕೊಂಡು ನಕ್ಕೆ.

ಕಿತ್ತರೆ ಒಂದು, ಹುಟ್ಟಲಿ ಹತ್ತು;
ಬಗ್ಗಲಿ ಸೊಂಟ, ಇಳಿಯಲಿ ಗತ್ತು.

ಸಂಜೆ ಗೋಡೆಯ ಹತ್ತಿರ ಬಂದು ಕೇಳಿಯೇಬಿಟ್ಟ. "ನಿಮ್ಮ ಹಿತ್ತಲಲ್ಲಿ ಮತ್ತೆ ಬಂದಿದೆಯಾ?" ಬಗ್ಗಿ ನೋಡಿದ. ನಮ್ಮ ಕಡೆ ಬರೀ ಮಣ್ಣು. "ಎಲ್ಲಿಂದ ಬಂತೋ ಹಾಗಾದರೆ," ಅಂದ, ಪಾಪದವನ ಹಾಗೆ.

"ಗಾಳಿಗೆ ಬಂದಿರಬೇಕು ಅಂಕಲ್."

ಅಂಕಲ್ ಅಂದದ್ದು ಮೊದಲ ಸಲ. ಅವನಿಗೆ ಖುಷಿಯಾಯಿತು. ನನಗೂ.

ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಬೈಯುತ್ತಾಳೆ. ಅಥವಾ ಇನ್ನೂ ಕೆಟ್ಟದ್ದು — ಕ್ಷಮಿಸಿಬಿಡುತ್ತಾಳೆ, ಅವನನ್ನೂ ಸೇರಿಸಿ.

ಆಗಸ್ಟ್ 19, ಮಂಗಳವಾರ

ಇವತ್ತು ಪ್ರೆಸ್ಸಿಗೆ ಗೊಬ್ಬರದಂಗಡಿಯವನು ಬಂದ. ಕಳೆನಾಶಕಕ್ಕೆ ಕರಪತ್ರ, ಪ್ರಾಸ ಸಮೇತ. ಅವನು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಎಲೆಯ ಮೇಲೆ ಹೊಡೆದರೆ ಸಾಕು, ತಾನಾಗಿ ಬೇರಿಗೆ, ಗಡ್ಡೆಗೆ ಇಳಿಯುತ್ತದೆ. ಹಳದಿಯಾಗಲು ವಾರ ಬೇಕು, ಅಲ್ಲಿಯ ತನಕ ಏನೂ ಆಗಿಲ್ಲ ಅನ್ನಿಸುತ್ತದೆ. ಹೊಡೆದ ಜಾಗದ್ದು ಏನನ್ನೂ ತಿನ್ನಬಾರದು. ಮತ್ತೆ — ಬೇಕಾದ ಹುಲ್ಲು, ಬೇಡದ ಹುಲ್ಲು ಅಂತ ಅದಕ್ಕೆ ಭೇದವಿಲ್ಲ. ಬಿದ್ದ ಕಡೆಯೆಲ್ಲ ಬಟಾಬಯಲು.

"ಈ ಕೊನೇದೆಲ್ಲ ಸಣ್ಣಕ್ಷರದಲ್ಲಿ ಹಾಕಿ ಮೇಡಂ. ಕೆಳಗಡೆ."

ಹಾಕಿದೆ. ಎಷ್ಟು ಸಣ್ಣ ಅಂದರೆ, ಇರುವೆಯೂ ಕನ್ನಡಕ ಹುಡುಕಬೇಕು. ಮೇಲೆ ದಪ್ಪಕ್ಷರದಲ್ಲಿ — 'ಕೀಳುವ ಗೋಳು ಇನ್ನೇಕೆ? ಒಂದೇ ಸಿಂಪಡಿಕೆ, ಕಳೆಗೆ ಹೆದರಿಕೆ!'

ಮನೆಗೆ ಬರುವ ದಾರಿಯಲ್ಲಿ ಒಂದು ಪ್ರತಿಯನ್ನು ಸ್ಕೇಲಿನ ಗೇಟಿಗೆ ಸಿಕ್ಕಿಸಿದೆ.

ಯಾವುದನ್ನು ನಮ್ಮ ಹಿತ್ತಲಿಗೆ ಹೊಡೆಸಿದೆಯೋ ಅದನ್ನೇ ನಿನ್ನ ಲಾನಿಗೆ ನೀನೇ ಹೊಡೆದುಕೋ. ನಿನ್ನ ಕೈಯಾರೆ. ನಾನು ಬರೀ ಪ್ರಾಸ ಕಟ್ಟಿದವಳು.

ಆಗಸ್ಟ್ 23

ಗೇಟಿನಲ್ಲಿದ್ದ ಕಾಗದ ಇಲ್ಲ.

ಆಗಸ್ಟ್ 25

ಟೀಚರ್ ದನಿ ಗೋಡೆ ದಾಟಿ ಬಂತು — "ಆವಮ್ಮನ ಹಿತ್ತಲು ಸುಟ್ಟಿದ್ದು ಸಾಲದಾ? ನನ್ನ ಬೆಕ್ಕು ಓಡಾಡೋ ಜಾಗ. ಮನೆಗೆ ವಿಷ ತಂದರೆ ನಾನು ತಂಗಿ ಮನೆಗೆ ಹೋಗಿಬಿಡ್ತೀನಿ, ನೋಡಿ."

ಛೆ. ಬೆಕ್ಕು ಅಡ್ಡ ಬಂತು.

ಆಗಸ್ಟ್ 29, ಶುಕ್ರವಾರ, ಸಂಜೆ 6

ಟೀಚರ್ ನಿಜಕ್ಕೂ ತಂಗಿಯ ಮನೆಗೆ ಹೋಗಿದ್ದಾರೆ. ಜಗಳಕ್ಕಲ್ಲ, ಯಾವುದೋ ನಾಮಕರಣ. ನಾಳೆ ಬರುತ್ತಾರೆ, ಬೆಕ್ಕೂ ಜೊತೆಗೆ ಬುಟ್ಟಿಯಲ್ಲಿ ಹೋಗಿದೆ.

ಈಗ ತಾನೇ ಮಹಡಿಯಿಂದ ಇಳಿದು ಬಂದೆ. ಸ್ಕೇಲು ಮುಖಕ್ಕೆ ಹೆಂಡತಿಯ ದುಪಟ್ಟಾ ಸುತ್ತಿಕೊಂಡು, ಕೈಯಲ್ಲಿ ಸ್ಪ್ರೇ ಹಿಡಿದು ಹೊಡೆದದ್ದೇ ಹೊಡೆದದ್ದು. ನಲ್ಲಿಯ ಮೂಲೆಯಿಂದ ಶುರು. ಮೂಲೆಗೆ ಮೂಲೆ, ನಡುವಿಗೆ ಎರಡು ಸಲ. ಮುಗಿದ ಮೇಲೆ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಹೊರಗಿನ ಕಸದ ಡಬ್ಬಕ್ಕೆ ಹಾಕಿ, ಕಳ್ಳನ ಹಾಗೆ ಎರಡೂ ಕಡೆ ನೋಡಿದ. ಹೆಂಡತಿಗೆ ಗೊತ್ತಾಗಬಾರದಲ್ಲ.

ವಾರ. ಇನ್ನೊಂದೇ ವಾರ. ಆಮೇಲೆ ಅವನ ಲಾನು ನಮ್ಮ ಹಿತ್ತಲಿನ ತಮ್ಮ. ಸ್ಕೇಲು ಹಿಡಿದು ಕೂತು ಏನು ಅಳೆಯುತ್ತಾನೆ ಆಗ? ಮಣ್ಣನ್ನಾ?

ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಅಮ್ಮನ ಪಕ್ಕ ಕೂತು ಟಿವಿ ನೋಡಿದೆ. "ಏನೇ, ಒಬ್ಬಳೇ ನಗ್ತಿದ್ದೀಯ?" ಅಂದಳು. 'ಸಾಕು' ಅಲ್ಲದ ಒಂದು ಮಾತು.

ಆಗಸ್ಟ್ 31, ಭಾನುವಾರ, ಬೆಳಿಗ್ಗೆ 8

ಶುಭ ವಾರ್ತೆ. ಸ್ಕೇಲಿಗೆ ಹೊಟ್ಟೆ ಕೆಟ್ಟಿದೆ! ಹೆಂಡತಿ ಇಲ್ಲದ ದಿನ ಹೊರಗೆ ಏನೋ ತಿಂದನಂತೆ. ನಿನ್ನೆಯಿಂದ ಹಾಸಿಗೆಗೂ ಬಚ್ಚಲಿಗೂ ಮೆರವಣಿಗೆ. ಡಾಕ್ಟರ ಮಾತ್ರೆ ನುಂಗಿದ್ದು ಅಲ್ಲೇ ವಾಂತಿ. ಇವತ್ತು ಭಾನುವಾರ, ಕ್ಲಿನಿಕ್ ಇಲ್ಲ.

ಸ್ನಾನ ಮಾಡುತ್ತಿದ್ದೆ, ಟೀಚರ್ ಅಮ್ಮನ ಹತ್ತಿರ ಮಾತಾಡುವುದು ಕೇಳಿಸಿತು.

"ಯಾವ ಮುಖ ಇಟ್ಕೊಂಡು ಕೇಳಲಿ ಗೊತ್ತಿಲ್ಲ. ಆ ದಿನ ಟೈಲರ್ ಸೊಸೆಗೆ ಕೊಟ್ಟಿದ್ರಲ್ಲ, ಆ ಹಾಲು… ಅವರೇ ಕೇಳಿ ಕಳಿಸಿದ್ದಾರೆ."

"ಸಾಹೇಬರೇ ಕೇಳಿದ್ರಾ?"

"ಅವರೇ. ಹಲ್ಲು ಕಚ್ಚಿಕೊಂಡು ಕೇಳಿದ್ರು, ಆದರೆ ಕೇಳಿದ್ರು."

ಅಮ್ಮ ಟಿವಿಯ ದನಿ ಇಳಿಸಿದಳು. ಆಮೇಲೆ ಅಮ್ಮ, "ನನ್ನ ಹತ್ರ ಒಂದು ಗಡ್ಡೆನೂ ಉಳಿದಿಲ್ವಲ್ಲ ಟೀಚರ್."

ಬಚ್ಚಲಲ್ಲೇ ಕುಣಿಯಬೇಕು ಅನ್ನಿಸಿತು. ಅನುಭವಿಸು ಮಹಾರಾಯ! ಬೇಕಾದಾಗ ಇಲ್ಲ, ಯಾಕೆ ಅಂದರೆ ನೀನೇ ಇಲ್ಲದ ಹಾಗೆ ಮಾಡಿದೆ. ಇಂಥ ನ್ಯಾಯ ಕೋರ್ಟಿನಲ್ಲೂ ಸಿಗುವುದಿಲ್ಲ.

ಅಂಗಡಿಗೆ ಹೋಗಿಬರಬೇಕು. ತರಕಾರಿ, ಬಲ್ಬು. ದಾರಿಯುದ್ದಕ್ಕೂ ಪ್ರಾಸ ಕಟ್ಟುತ್ತ ಹೋಗುತ್ತೇನೆ.

9.30

ಬಾಗಿಲು ತೆಗೆದ ಕೂಡಲೇ ಘಮ. ಎರಡು ತಿಂಗಳ ಮೇಲೆ ಈ ಮನೆಯಲ್ಲಿ ಆ ಘಮ.

ಒರಳು ನೆಟ್ಟಗೆ ಕೂತಿದೆ. ಅಮ್ಮ ತಲೆ ಬಾಚಿ, ಗಟ್ಟಿ ಗಂಟು ಹಾಕಿ, ಸೆರಗು ಸಿಕ್ಕಿಸಿ ಒಲೆಯ ಮುಂದೆ. ಗಡ್ಡೆಯ ನಾರು ಉರಿಗೆ ಹಿಡಿದು ಸುಟ್ಟು, ಗೋಣಿಗೆ ಉಜ್ಜಿ, ತೊಳೆದು, ಜಜ್ಜಿ — ಎಲ್ಲ ಆಗಿದೆ. ಹಾಲಿಗೆ ಮೂರರಷ್ಟು ನೀರು, ನೀರೆಲ್ಲ ಹೋಗಿ ಹಾಲು ಮಾತ್ರ ಉಳಿಯಬೇಕು, ಸಣ್ಣ ಉರಿ. ಏನೋ ಗುನುಗುತ್ತಿದ್ದಾಳೆ.

"ಎಲ್ಲಿ ಸಿಕ್ತಮ್ಮಾ ಗಡ್ಡೆ?"

"ಕೇಳಬೇಡ, ನಗು ಬರುತ್ತೆ! ಅವರ ಲಾನ್ ತುಂಬ ಅದೇ ಕಣೇ. ಟೀಚರ್ರೇ ಕೈ ಹಿಡಿದು ಕರ್ಕೊಂಡು ಹೋದ್ರು. ನಲ್ಲಿ ಮೂಲೇಲಿ ಅಗೆದರೆ… ಅಬ್ಬಾ, ನೆಲ್ಲಿಕಾಯಿ ಗಾತ್ರ! ನಾನು ಇಷ್ಟು ವರ್ಷ ಸಾಕಿದರೂ ಇಷ್ಟು ದಪ್ಪ ಬಂದಿರಲಿಲ್ಲ. ಯಾರ ಕೈಗುಣವೋ."

ನನ್ನ ಕೈಗುಣ.

ನಲ್ಲಿ ಮೂಲೆ. ಶುಕ್ರವಾರ ಅವನು ಮೊದಲು ಹೊಡೆದ ಮೂಲೆ. ಎಲೆ ಇನ್ನೂ ಹಸಿರಾಗಿಯೇ ಇದೆ, ವಾರ ಆಗಿಲ್ಲವಲ್ಲ. ಅಮ್ಮನಿಗೆ ಗೊತ್ತಿಲ್ಲ. ಟೀಚರಿಗೆ ಗೊತ್ತಿಲ್ಲ. ಗೊತ್ತಿರುವವನು ಹಾಸಿಗೆಯಲ್ಲಿ ಮುಖ ಮುಚ್ಚಿ ಮಲಗಿದ್ದಾನೆ, ಗಡ್ಡೆ ಎಲ್ಲಿಯದು ಅಂತ ಅವನಿಗೆ ಗೊತ್ತಿಲ್ಲ. ಎಲ್ಲ ಗೊತ್ತಿರುವುದು ಒಬ್ಬಳಿಗೆ.

ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ತಿರುಗಿ, "ನೋಡಿದೆಯೇನೇ, ಯಾವ ಬಾಯಲ್ಲಿ ಕಳೆ ಅಂದನೋ ಅದೇ ಬಾಯಲ್ಲಿ ಕೇಳಿದಾನೆ!" ಅಂದಳು. ಕಣ್ಣಲ್ಲಿ ಹಳೆಯ ಅಮ್ಮ.

ಬಾಯಿ ಮುಚ್ಚಿದೆ.

"ಆ ಪಾತ್ರೆ ಮುಚ್ಚಳ ಎಲ್ಲಿಟ್ಟೆ? ಹುಡುಕಿ ಕೊಡು."

ಮೇಲಿನ ಅಟ್ಟದಲ್ಲಿತ್ತು. ಕುರ್ಚಿ ಹತ್ತಿ ತೆಗೆದು, ಧೂಳು ಒರೆಸಿ ಕೊಟ್ಟೆ. ದಾರಿಯಲ್ಲಿ ಹಾಲು ಚೆಲ್ಲಬಾರದಲ್ಲ.

10.15

ನನ್ನ ರೂಮು. ಕಿಟಕಿಯಿಂದ ಅವರ ಜಗಲಿ ಪೂರ್ತಿ ಕಾಣುತ್ತದೆ.

ಅಮ್ಮ ಈಗ ತಾನೇ ಹೊರಟಳು. ಬಟ್ಟೆಯಲ್ಲಿ ಪಾತ್ರೆ ಹಿಡಿದು, ರಾಣಿಯ ಹಾಗೆ ನಿಧಾನ. ಎದುರುಮನೆಯವರು ಕೇಳಿದ್ದಕ್ಕೆ ನಿಂತು ಹೇಳುತ್ತಿದ್ದಾಳೆ, "ಸಾಹೇಬರಿಗೆ ಔಷಧಿ, ಅವರೇ ಹೇಳಿ ಕಳಿಸಿದ್ರು." ಬೀದಿಗೆಲ್ಲ ಕೇಳಬೇಕು ಅವಳಿಗೆ. ಕೇಳಲಿ.

ನಾನೇನೂ ಮಾಡಿಲ್ಲ. ವಿಷ ಅವನು ತಂದದ್ದು, ಅವನೇ ಹೊಡೆದದ್ದು, ಅವನ ಲಾನು, ಅವನ ಹೊಟ್ಟೆ. ನಾನು ಸುಮ್ಮನೆ ಕೂತಿದ್ದೇನೆ, ಅಷ್ಟೇ. ಸುಮ್ಮನೆ ಕೂರುವುದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಸಾಯುವುದಿಲ್ಲ ಬಿಡು. ಕುಡಿದರೆ ಏನಾಗುತ್ತದೆ ಅಂತ ಗೊಬ್ಬರದಂಗಡಿಯವನು ಹೇಳಿದ್ದ, ಗಂಟಲು ಸುಟ್ಟ ಹಾಗೆ, ವಾಂತಿ… ವಯಸ್ಸಾದವರಿಗೆ ಹೆಚ್ಚು, ಅಂದಿದ್ದ. ಎಷ್ಟು ಹೆಚ್ಚು ಅಂತ ಹೇಳಲಿಲ್ಲ. ನಾನು ಕೇಳಲಿಲ್ಲ.

ಏನಾದರೂ ಆದರೆ ಅಮ್ಮನ ಔಷಧಿ ಅನ್ನುತ್ತಾರಾ? ಅನ್ನಲಿ. ಅವನು ಅವಳ ಹೆಸರಿನಲ್ಲಿ ಕೆಡಿಸಲು ಏನು ಉಳಿಸಿದ್ದಾನೆ? ಅಲ್ಲ, ಇವತ್ತು ಅವಳು ನಕ್ಕಳಲ್ಲ… ಇಲ್ಲ. ಸುಮ್ಮನಿರು. ಎರಡು ತಿಂಗಳು ಆಫ್ ಆದ ಟಿವಿ ನೋಡಿದಳು ಅವಳು. ಎರಡು ತಿಂಗಳು. ಅವನು ಒಂದು ದಿನ ಒದ್ದಾಡಲಿ.

ಗೇಟು ದಾಟಿದಳು. ಟೀಚರ್ ಕುರ್ಚಿ ಹಾಕಿದರು. ಸ್ಕೇಲನ್ನು ಹಿಡಿದು ಹೊರಗೆ ತಂದು ಕೂರಿಸುತ್ತಿದ್ದಾರೆ, ಮುಖ ಒಗೆದ ಬಟ್ಟೆಯ ಹಾಗಾಗಿದೆ. ಕೈ ಮುಗಿದ! ಅಮ್ಮನಿಗೆ ಕೈ ಮುಗಿದ! ಇದನ್ನು ನೋಡಲು ಎಷ್ಟು ದಿನ ಕಾದಿದ್ದೆ. ಒಂದು ಪ್ರಾಸ ಬೇಕು ಇದಕ್ಕೆ — 'ಬಗ್ಗಿತು ನೋಡು ಬಗ್ಗದ ಬೆನ್ನು, ಮುಗಿಯಿತು…' ಬೆನ್ನು, ಹೊನ್ನು, ಕಣ್ಣು, ಮಣ್ಣು. ಆಮೇಲೆ ಕೂರಿಸುತ್ತೇನೆ.

ಟೀಚರ್ ಲೋಟ ತಂದರು. ಅಮ್ಮ ಮೊದಲು ಲೋಟಕ್ಕೆ ಬಗ್ಗಿಸಲಿಲ್ಲ. ಏನೋ ಹೇಳಿ ನಗುತ್ತಿದ್ದಾಳೆ, ಅವನ ಮುಖದ ಬಗ್ಗೆಯೇ ಇರಬೇಕು. ಮುಚ್ಚಳ ತೆಗೆದು ಮಗುಚಿ ಅಂಗೈಯಲ್ಲಿ ಇಟ್ಟುಕೊಂಡಳು. ಮುಚ್ಚಳಕ್ಕೆ ಯಾಕೆ ಬಗ್ಗಿಸ್ತಾ

ಮುಚ್ಚಳ

ಅಮ್ಮಾ